ಕಲಾ ವಿಭಾಗದಿಂದ ಲೆಕ್ಕಶಾಸ್ತ್ರಕ್ಕೆ: ಅಡ್ಡಿ ಇರುವುದೆಲ್ಲಿ?

ಕರ್ನಾಟಕದಲ್ಲಿ ಪದವಿಪೂರ್ವ ಶಿಕ್ಷಣಕ್ಕೆ ಸೇರುವ ವಿದ್ಯಾರ್ಥಿಗಳು ಸುಮಾರು ಹದಿನಾರನೆಯ ವಯಸ್ಸಿನಲ್ಲಿ ಆರಿಸಿಕೊಳ್ಳುವ ವಿಷಯಗಳ ಗುಂಪು, ಕಾಲೇಜುಗಳ ಆಡುಮಾತಿನಲ್ಲಿ ಹೇಳುವುದಾದರೆ ‘ಕಾಂಬಿನೇಷನ್’, ಅವರ ಮುಂದಿನ ಓದನ್ನೂ ಉದ್ಯೋಗವನ್ನೂ ಒಮ್ಮೆಗೇ ನಿಶ್ಚಯಿಸಿಬಿಡುತ್ತದೆ ಎಂಬ ಭಾವನೆ ಪೋಷಕರಲ್ಲಿಯೂ ಅಧ್ಯಾಪಕರಲ್ಲಿಯೂ ಬಲವಾಗಿ ಬೇರೂರಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರಗಳನ್ನೊಳಗೊಂಡ ಎಚ್‌ಇಪಿಎಸ್ ಗುಂಪಿನವರು ಕಲಾ ವಿಭಾಗಕ್ಕೆ ಸೇರಿದವರು. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರಗಳನ್ನೊಳಗೊಂಡ ಎಚ್‌ಇಬಿಎ ಗುಂಪಿನವರು ವಾಣಿಜ್ಯ ವಿಭಾಗಕ್ಕೆ ಸೇರಿದವರು. ನಾಲ್ಕರಲ್ಲಿ ಎರಡು ವಿಷಯಗಳು ಎರಡೂ ಗುಂಪುಗಳಿಗೆ ಸಮಾನವಾಗಿದ್ದರೂ ಇವೆರಡರ ನಡುವೆ ದಾಟಲಾಗದ ಅಂತರವಿದೆಯೆಂದು ಭಾವಿಸಲಾಗುತ್ತದೆ. ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿ ಬಿ.ಕಾಂ. ಸೇರಲು ಬಯಸುವವರು, ಬಿ.ಎ. ಪದವಿ ಪಡೆದ ಬಳಿಕ ಲೆಕ್ಕಪರಿಶೋಧನೆಯ ವೃತ್ತಿಯತ್ತ ತಿರುಗುವವರು ಮೊದಲು ಕೇಳಿಸಿಕೊಳ್ಳುವ ಮಾತು ‘ಲೆಕ್ಕ ಬರುತ್ತದೆಯೇ’ ಎಂಬುದು. ಈ ಪ್ರಶ್ನೆ ಅಡ್ಡಿಯನ್ನು ಅದು ಇಲ್ಲದ ಕಡೆ ಹುಡುಕುತ್ತದೆ, ಮತ್ತು ನಿಜವಾದ ಅಡ್ಡಿಯನ್ನು ಎದುರಿಸುವ ಸಿದ್ಧತೆಯಿಂದ ವಿದ್ಯಾರ್ಥಿಯನ್ನು ದೂರವಿಡುತ್ತದೆ.

ಲೆಕ್ಕಶಾಸ್ತ್ರದ ಆರಂಭಿಕ ಹಂತಗಳಿಗೆ ಬೇಕಾಗುವ ಗಣಿತ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಶೇಕಡಾವಾರು ತೆಗೆಯುವುದು ಮತ್ತು ಅನುಪಾತಗಳನ್ನು ಅರಿಯುವುದು. ಇವೆಲ್ಲ ಹತ್ತನೆಯ ತರಗತಿಯೊಳಗೇ ಕಲಿತ ಸಂಗತಿಗಳು. ಬಿ.ಕಾಂ. ಪಠ್ಯಕ್ರಮದಲ್ಲಿ ಬರುವ ಸಂಖ್ಯಾಶಾಸ್ತ್ರವು ಸರಾಸರಿ, ಸಹಸಂಬಂಧ, ಸೂಚ್ಯಂಕ ಮುಂತಾದ ವಿಷಯಗಳನ್ನು ಒಳಗೊಳ್ಳುವುದು ನಿಜವಾದರೂ, ಅರ್ಥಶಾಸ್ತ್ರವನ್ನು ಓದಿದವರಿಗೆ ಇವುಗಳಲ್ಲಿ ಹಲವು ಪರಿಚಿತವೇ ಆಗಿರುತ್ತವೆ. ಕಲಾ ವಿಭಾಗದಿಂದ ಬಂದವರು ಮೊದಲ ಸೆಮಿಸ್ಟರಿನಲ್ಲಿ ಮುಗ್ಗರಿಸುವುದು ಬೇರೆಡೆ. ವಾಣಿಜ್ಯ ವಿಭಾಗದ ಸಹಪಾಠಿಗಳು ಪಿಯುಸಿಯ ಎರಡು ವರ್ಷಗಳಲ್ಲಿ ರೂಢಿಸಿಕೊಂಡ ಒಂದು ವಿಚಾರಕ್ರಮ, ಅದಕ್ಕೆ ಸೇರಿದ ಪರಿಭಾಷೆ ಮತ್ತು ಕೈಗೆ ಹತ್ತಿದ ಅಭ್ಯಾಸ ಇವರಿಗೆ ಇರುವುದಿಲ್ಲ, ಮತ್ತು ಪದವಿ ತರಗತಿಯ ಅಧ್ಯಾಪಕರು ಅವೆಲ್ಲವೂ ಎಲ್ಲರಿಗೂ ತಿಳಿದಿವೆಯೆಂದು ಭಾವಿಸಿಯೇ ಪಾಠವನ್ನು ಆರಂಭಿಸುತ್ತಾರೆ.

ಆ ವಿಚಾರಕ್ರಮದ ಹೆಸರು ಜೋಡಿ ನಮೂದು ಪದ್ಧತಿ. ಯಾವುದೇ ವ್ಯವಹಾರಕ್ಕೆ ಎರಡು ಮುಖಗಳಿರುತ್ತವೆ, ಆ ಎರಡನ್ನೂ ಸಮಾನ ಮೊತ್ತದಲ್ಲಿ ಬರೆದಿಡಬೇಕು ಎಂಬುದು ಅದರ ಸಾರ. ಇಳಕಲ್ಲಿನಲ್ಲಿ ಒಬ್ಬರು ಸೀರೆ ಅಂಗಡಿಯನ್ನು ತೆರೆಯುತ್ತಾರೆಂದು ಇಟ್ಟುಕೊಂಡರೆ, ಅದಕ್ಕೆ ಸ್ವಂತ ಹಣ 3,00,000 ರೂಪಾಯಿಯನ್ನೂ ಸಂಬಂಧಿಕರಿಂದ ಬಡ್ಡಿಯಿಲ್ಲದೆ ಪಡೆದ ಸಾಲ 2,00,000 ರೂಪಾಯಿಯನ್ನೂ ತೊಡಗಿಸಿದಾಗ, ಅಂಗಡಿಯ ಬಳಿ 5,00,000 ರೂಪಾಯಿ ನಗದು ಇದೆ ಎಂಬುದು ಒಂದು ಮುಖ. ಅದರಲ್ಲಿ ಮೂರು ಲಕ್ಷ ಮಾಲೀಕರಿಗೂ ಎರಡು ಲಕ್ಷ ಸಾಲ ಕೊಟ್ಟವರಿಗೂ ಸಲ್ಲಬೇಕಾದದ್ದು ಎಂಬುದು ಇನ್ನೊಂದು ಮುಖ. ಇಲ್ಲಿ ಅಂಗಡಿಯನ್ನು ಅದರ ಮಾಲೀಕರಿಂದ ಬೇರೆಯಾದ ಒಂದು ಘಟಕವೆಂದು ಪರಿಗಣಿಸಲಾಗಿದೆ, ಆದ್ದರಿಂದಲೇ ಮಾಲೀಕರ ಸ್ವಂತ ಹಣವೂ ಅಂಗಡಿಯ ಪಾಲಿಗೆ ಒಂದು ಹೊಣೆಗಾರಿಕೆಯಾಗುತ್ತದೆ. ಇದನ್ನು ಪ್ರತ್ಯೇಕ ಅಸ್ತಿತ್ವದ ಕಲ್ಪನೆ ಎಂದು ಕರೆಯುತ್ತಾರೆ. ಮುಂದೆ 2,50,000 ರೂಪಾಯಿಗೆ ಸೀರೆಗಳನ್ನೂ 60,000 ರೂಪಾಯಿಗೆ ಕಪಾಟುಗಳನ್ನೂ ನಗದು ಕೊಟ್ಟು ಕೊಂಡರೆ ಅಂಗಡಿಯ ಆಸ್ತಿಯ ಒಟ್ಟು ಮೊತ್ತ ಬದಲಾಗುವುದಿಲ್ಲ, ಅದರ ರೂಪ ಮಾತ್ರ ಬದಲಾಗುತ್ತದೆ. ಒಂದು ಲಕ್ಷ ರೂಪಾಯಿಗೆ ಕೊಂಡಿದ್ದ ಸೀರೆಗಳು 1,40,000 ರೂಪಾಯಿಗೆ ಮಾರಾಟವಾಗಿ, ಅದರಲ್ಲಿ ಒಂದು ಲಕ್ಷ ನಗದಾಗಿ ಬಂದು ನಲವತ್ತು ಸಾವಿರ ಗಿರಾಕಿಗಳಿಂದ ಬರಬೇಕಾದ ಬಾಕಿಯಾಗಿ ಉಳಿದಾಗ, ನಗದು 2,90,000, ಉಳಿದ ಸರಕು 1,50,000, ಕಪಾಟುಗಳು 60,000, ಬಾಕಿ 40,000 ಸೇರಿ ಒಟ್ಟು ಆಸ್ತಿ 5,40,000 ರೂಪಾಯಿ ಆಗುತ್ತದೆ. ಎದುರು ಬದಿಯಲ್ಲಿ ಸಾಲ ಎರಡು ಲಕ್ಷ, ಮಾಲೀಕರ ಬಂಡವಾಳ ಮೂರು ಲಕ್ಷ, ಮಾರಾಟದಿಂದ ಬಂದ ಲಾಭ ನಲವತ್ತು ಸಾವಿರ ಸೇರಿ ಅಷ್ಟೇ ಮೊತ್ತ ಬರುತ್ತದೆ. ಆಸ್ತಿಯು ಯಾವಾಗಲೂ ಹೊಣೆಗಾರಿಕೆ ಮತ್ತು ಬಂಡವಾಳಗಳ ಮೊತ್ತಕ್ಕೆ ಸಮ ಎಂಬ ಈ ಸಮೀಕರಣವನ್ನು ಒಮ್ಮೆ ತಾಳ್ಮೆಯಿಂದ ಅರ್ಥಮಾಡಿಕೊಂಡ ವಿದ್ಯಾರ್ಥಿಗೆ ರೋಜುಕೀರ್ದಿ, ಖಾತೆ, ತಾಳೆಪಟ್ಟಿ, ಅಢಾವೆ ಪತ್ರಿಕೆಗಳೆಲ್ಲವೂ ಅದೇ ಒಂದು ವಿಚಾರದ ಬೇರೆ ಬೇರೆ ಹಂತಗಳಾಗಿ ಕಾಣುತ್ತವೆ. ವ್ಯವಹಾರಗಳನ್ನು ನಡೆದ ಕ್ರಮದಲ್ಲಿ ದಾಖಲಿಸುವ ಪುಸ್ತಕ ರೋಜುಕೀರ್ದಿ; ಅವನ್ನು ವ್ಯಕ್ತಿ, ವಸ್ತು, ವೆಚ್ಚ, ಆದಾಯಗಳಿಗೆ ಅನುಸಾರವಾಗಿ ವಿಂಗಡಿಸಿದಾಗ ಸಿಗುವುದು ಖಾತೆ; ಎರಡೂ ಬದಿಗಳು ಸರಿಹೊಂದಿವೆಯೇ ಎಂದು ನೋಡುವುದು ತಾಳೆಪಟ್ಟಿ; ಒಂದು ದಿನಾಂಕದಂದು ಸಂಸ್ಥೆಯ ಆಸ್ತಿ ಮತ್ತು ಹೊಣೆಗಾರಿಕೆಗಳ ಸ್ಥಿತಿಯನ್ನು ತೋರಿಸುವುದು ಅಢಾವೆ ಪತ್ರಿಕೆ.

ದುರದೃಷ್ಟವಶಾತ್ ತರಗತಿಗಳಲ್ಲಿ ಈ ಸಮೀಕರಣಕ್ಕಿಂತ ಮುಂಚೆ ‘ಸುವರ್ಣ ನಿಯಮ’ಗಳು ಬಂದುಬಿಡುತ್ತವೆ. ವ್ಯಕ್ತಿಗಳ ಖಾತೆಯಲ್ಲಿ ಪಡೆದವರನ್ನು ಡೆಬಿಟ್ ಮಾಡಿ ಕೊಟ್ಟವರನ್ನು ಕ್ರೆಡಿಟ್ ಮಾಡುವುದು, ವಸ್ತುಗಳ ಖಾತೆಯಲ್ಲಿ ಒಳಬಂದದ್ದನ್ನು ಡೆಬಿಟ್ ಮಾಡಿ ಹೊರಹೋದದ್ದನ್ನು ಕ್ರೆಡಿಟ್ ಮಾಡುವುದು, ನಾಮಮಾತ್ರ ಖಾತೆಗಳಲ್ಲಿ ವೆಚ್ಚ ಮತ್ತು ನಷ್ಟಗಳನ್ನು ಡೆಬಿಟ್ ಮಾಡಿ ಆದಾಯ ಮತ್ತು ಲಾಭಗಳನ್ನು ಕ್ರೆಡಿಟ್ ಮಾಡುವುದು ಎಂಬ ಈ ಮೂರು ಸೂತ್ರಗಳು ತಪ್ಪಲ್ಲ. ಆದರೆ ಕಾರಣ ತಿಳಿಯದೆ ಬಾಯಿಪಾಠವಾದಾಗ ಅವು ಮೊದಲ ಅಪರಿಚಿತ ಲೆಕ್ಕದ ಎದುರಿಗೇ ಕೈಕೊಡುತ್ತವೆ. ಎಲ್ಲ ಹೊಸಬರನ್ನೂ ಕಾಡುವ ಒಂದು ಗೊಂದಲವನ್ನು ಉದಾಹರಣೆಯಾಗಿ ನೋಡಬಹುದು. ನಗದು ಒಳಬಂದರೆ ಡೆಬಿಟ್ ಎಂದು ಪಠ್ಯ ಹೇಳುತ್ತದೆ. ಬ್ಯಾಂಕಿನಲ್ಲಿ ಹಣ ಕಟ್ಟಿದಾಗ ಪಾಸ್‌ಬುಕ್ಕು ಅದೇ ಹಣವನ್ನು ಕ್ರೆಡಿಟ್ ಎಂದು ತೋರಿಸುತ್ತದೆ. ಪಾಸ್‌ಬುಕ್ಕು ಬ್ಯಾಂಕಿನ ಪುಸ್ತಕಗಳಲ್ಲಿರುವ ಗ್ರಾಹಕರ ಖಾತೆಯ ಪ್ರತಿ, ಠೇವಣಿಯು ಬ್ಯಾಂಕಿನ ಪಾಲಿಗೆ ಮರಳಿ ಕೊಡಬೇಕಾದ ಹೊಣೆಗಾರಿಕೆ, ಆದ್ದರಿಂದ ಅಲ್ಲಿ ಅದು ಕ್ರೆಡಿಟ್ ಬದಿಗೆ ಸೇರುತ್ತದೆ ಎಂಬ ವಿವರಣೆಯನ್ನು ಸಮೀಕರಣದಿಂದ ಕಲಿತವರು ತಾವೇ ಕಂಡುಕೊಳ್ಳಬಲ್ಲರು. ಒಂದೇ ಘಟನೆಯನ್ನು ಎರಡು ಪಕ್ಷಗಳ ನೆಲೆಯಿಂದ ನೋಡಿ ಎರಡು ವೃತ್ತಾಂತಗಳನ್ನು ತೂಗುವುದು ಇತಿಹಾಸದ ವಿದ್ಯಾರ್ಥಿಗೆ ಹೊಸದೇನೂ ಅಲ್ಲ.

ಸೀರೆ ಅಂಗಡಿಯ ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದುವರಿಸಿದರೆ ಈ ಶಾಸ್ತ್ರದ ನಿಜವಾದ ಸ್ವರೂಪ ಗೋಚರಿಸುತ್ತದೆ. ವರ್ಷಾಂತ್ಯದಲ್ಲಿ ಅಂಗಡಿಯು 5,000 ರೂಪಾಯಿ ಬಾಡಿಗೆಯನ್ನು ಇನ್ನೂ ಕೊಡಬೇಕಾಗಿದ್ದರೆ, ಹಣ ಕೈಬಿಟ್ಟಿಲ್ಲವಾದರೂ ಆ ವರ್ಷದ ವೆಚ್ಚವಾಗಿ ಅದನ್ನು ಬರೆಯಲೇಬೇಕು. ಹಣ ಕೈಬದಲಾದ ದಿನಕ್ಕಿಂತ ಆದಾಯ ಮತ್ತು ವೆಚ್ಚಗಳು ಯಾವ ಅವಧಿಗೆ ಸೇರಿದವು ಎಂಬುದನ್ನು ಮುಖ್ಯವಾಗಿ ಪರಿಗಣಿಸುವ ಈ ಕ್ರಮಕ್ಕೆ ಸಂಚಯ ಆಧಾರ ಎಂದು ಹೆಸರು, ಮತ್ತು ಭಾರತದ 2013ರ ಕಂಪನಿ ಕಾಯಿದೆಯ 128ನೆಯ ಕಲಮು ಕಂಪನಿಗಳ ಲೆಕ್ಕಪುಸ್ತಕಗಳು ಸಂಚಯ ಆಧಾರದಲ್ಲಿಯೂ ಜೋಡಿ ನಮೂದು ಪದ್ಧತಿಯಲ್ಲಿಯೂ ಇರಬೇಕೆಂದು ವಿಧಿಸುತ್ತದೆ. ಕಪಾಟುಗಳು ಬಳಕೆಯಿಂದ ಸವೆಯುತ್ತವೆಯಾದ್ದರಿಂದ ಅವುಗಳ ಬೆಲೆಯ ಒಂದು ಭಾಗವನ್ನು ಪ್ರತಿವರ್ಷ ಸವಕಳಿ ಎಂಬ ಹೆಸರಿನಲ್ಲಿ ವೆಚ್ಚಕ್ಕೆ ಹಾಕಬೇಕು. ಅದನ್ನು ಶೇಕಡ 10ರಂತೆ ಹಿಡಿದರೆ 6,000 ರೂಪಾಯಿ ಆಗುತ್ತದೆ. ಈ ಎರಡನ್ನು ಕಳೆದರೆ ಲಾಭ ನಲವತ್ತು ಸಾವಿರದಿಂದ 29,000 ರೂಪಾಯಿಗೆ ಇಳಿಯುತ್ತದೆ. ಸವಕಳಿಯ ದರ ಶೇಕಡ 20 ಆಗಿದ್ದರೆ ಲಾಭ 23,000 ರೂಪಾಯಿ ಮಾತ್ರ. ನಲವತ್ತು ಸಾವಿರ ಬಾಕಿಯಲ್ಲಿ ಹತ್ತು ಸಾವಿರ ಬರುವುದು ಸಂಶಯವೆಂದು ಅದಕ್ಕಾಗಿ ಮೊತ್ತವನ್ನು ತೆಗೆದಿರಿಸಿದರೆ ಲಾಭ ಇನ್ನಷ್ಟು ಕುಗ್ಗುತ್ತದೆ. ಅಂಗಡಿ ಅದೇ, ಸೀರೆಗಳು ಅವೇ, ಗಲ್ಲಾಪೆಟ್ಟಿಗೆಯ ನಗದೂ ಅಷ್ಟೇ. ಆದರೂ ಕಪಾಟು ಎಷ್ಟು ವರ್ಷ ಬಾಳಿಕೆ ಬರುತ್ತದೆ, ಗಿರಾಕಿ ಎಷ್ಟು ನಂಬಿಕಸ್ಥ ಎಂಬ ಅಂದಾಜುಗಳಿಗೆ ತಕ್ಕಂತೆ ಲಾಭ ಬೇರೆಯಾಗುತ್ತದೆ. ಲಾಭವೆಂಬುದು ಎಣಿಸಿ ತೆಗೆಯುವ ಸಂಖ್ಯೆ ಎಂದು ಹೊರಗಿನವರು ಭಾವಿಸುತ್ತಾರೆ. ಅದು ನಿಯಮಗಳ ಚೌಕಟ್ಟಿನೊಳಗೆ, ಸಾಕ್ಷ್ಯಗಳ ಆಧಾರದ ಮೇಲೆ, ಕಾರಣಗಳನ್ನು ಕೊಟ್ಟು ಸಮರ್ಥಿಸಬೇಕಾದ ಒಂದು ನಿರ್ಣಯ. ಈ ಮಾತನ್ನು ಮೊದಲ ತಿಂಗಳಲ್ಲೇ ಕಲಾ ವಿಭಾಗದ ವಿದ್ಯಾರ್ಥಿಗೆ ತಿಳಿಸಿದರೆ, ಆತ ಅಥವಾ ಆಕೆ ಪರಕೀಯ ಶಾಸ್ತ್ರವೊಂದಕ್ಕೆ ಬಂದಿದ್ದೇನೆಂಬ ಅಳುಕನ್ನು ಬಿಟ್ಟು ಓದಲು ಸಾಧ್ಯವಾಗುತ್ತದೆ.

ಲೆಕ್ಕಶಾಸ್ತ್ರದ ಓದು ಮೇಲಿನ ಹಂತಗಳಿಗೆ ಏರಿದಂತೆ ಅಂಕಿಗಳ ಪಾಲು ಕಡಿಮೆಯಾಗಿ ಪಠ್ಯವನ್ನು ವ್ಯಾಖ್ಯಾನಿಸುವ ಕೆಲಸದ ಪಾಲು ಹೆಚ್ಚುತ್ತದೆ. ಕಂಪನಿ ಕಾಯಿದೆ, ಆದಾಯ ತೆರಿಗೆ, 2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆ, ಲೆಕ್ಕಪತ್ರಗಳು ಹೇಗಿರಬೇಕೆಂದು ವಿಧಿಸುವ ಲೆಕ್ಕಮಾನಕಗಳು ಇವೆಲ್ಲವೂ ನಿಬಂಧನೆ, ವಿನಾಯಿತಿ ಮತ್ತು ವ್ಯಾಖ್ಯೆಗಳಿಂದ ಹೆಣೆದ ದಟ್ಟ ಗದ್ಯ. ಲೆಕ್ಕಪರಿಶೋಧನೆಯಲ್ಲಂತೂ ಮುಖ್ಯ ಪ್ರಶ್ನೆಯೇ ಸಾಕ್ಷ್ಯದ ವಿಶ್ವಾಸಾರ್ಹತೆಗೆ ಸಂಬಂಧಿಸಿದ್ದು: ಸಂಸ್ಥೆಯೇ ತಯಾರಿಸಿದ ದಾಖಲೆಗಿಂತ ಹೊರಗಿನ ಮೂರನೆಯ ಪಕ್ಷದಿಂದ ನೇರವಾಗಿ ಬಂದ ದಾಖಲೆ ಹೆಚ್ಚು ನಂಬಲರ್ಹ ಎಂಬುದು ಅದರ ಮೂಲತತ್ತ್ವಗಳಲ್ಲಿ ಒಂದು. ಸತ್ಯಂ ಕಂಪ್ಯೂಟರ್ ಸರ್ವಿಸಸ್ ಎಂಬ ತಂತ್ರಾಂಶ ಕಂಪನಿಯ ಪ್ರಕರಣ ಇದಕ್ಕೆ ಮರೆಯಲಾಗದ ನಿದರ್ಶನ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ ಅಢಾವೆ ಪತ್ರಿಕೆಯಲ್ಲಿ ತೋರಿಸಲಾಗಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಅಸ್ತಿತ್ವದಲ್ಲೇ ಇಲ್ಲವೆಂದು ಒಪ್ಪಿಕೊಳ್ಳಲಾಯಿತು. ಆ ಪುಸ್ತಕಗಳಲ್ಲಿ ಕೂಡಿಕೆಯ ತಪ್ಪನ್ನು ಹುಡುಕಿದವರಿಗೆ ಏನೂ ಸಿಗುತ್ತಿರಲಿಲ್ಲ, ಏಕೆಂದರೆ ಎರಡೂ ಬದಿಗಳು ಸರಿಹೊಂದಿದ್ದವು. ಬ್ಯಾಂಕುಗಳಿಂದ ನೇರವಾಗಿ ಪಡೆಯಬೇಕಾದ ಶಿಲ್ಕಿನ ದೃಢೀಕರಣದ ಮೇಲೆ ಲೆಕ್ಕಪರಿಶೋಧಕರು ತಮ್ಮ ಹತೋಟಿಯನ್ನು ಬಿಟ್ಟುಕೊಟ್ಟಿದ್ದರೆಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯು 2011ರಲ್ಲಿ ನಿರ್ಣಯಿಸಿತು. ಪ್ರಾಚೀನ ಶಾಸನವೊಂದು ಕೂಟಶಾಸನವೇ (ನಕಲಿಯೇ) ಎಂದು ಪರೀಕ್ಷಿಸುವವರು ಕೇಳುವ ಪ್ರಶ್ನೆಗಳು, ಅಂದರೆ ಇದನ್ನು ಬರೆಸಿದವರು ಯಾರು, ಇದರಿಂದ ಯಾರಿಗೆ ಲಾಭ, ಇದನ್ನು ಸ್ವತಂತ್ರವಾಗಿ ಸಮರ್ಥಿಸುವ ಬೇರೆ ಆಧಾರ ಯಾವುದು ಎಂಬ ಪ್ರಶ್ನೆಗಳು, ಅಲ್ಲಿ ಕೇಳಲ್ಪಡಬೇಕಾಗಿದ್ದವು.

ಲೆಕ್ಕಪತ್ರಗಳು ಕಲಾ ವಿಭಾಗದ ಪಠ್ಯಗಳಿಂದ ಹೊರಗೆ ಎಂದೂ ಇರಲಿಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಯವರು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಸಪ್ತಾಂಗ ಸಿದ್ಧಾಂತಕ್ಕಾಗಿಯೂ ಮಂಡಲ ಸಿದ್ಧಾಂತಕ್ಕಾಗಿಯೂ ಓದುತ್ತಾರೆ. ಅದೇ ಗ್ರಂಥದ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲ ಎಂಬ ಲೆಕ್ಕಪತ್ರ ಕಚೇರಿಯ ವ್ಯವಸ್ಥೆ, ಆಷಾಢದಲ್ಲಿ ಮುಗಿಯುವ ಲೆಕ್ಕವರ್ಷ, ಆಯದಲ್ಲಿ ವ್ಯಯವನ್ನು ಕಳೆದಾಗ ಉಳಿಯುವ ನೀವಿ ಎಂಬ ಶಿಲ್ಕು, ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳ ಪಟ್ಟಿ ಇವೆ ಎಂಬುದು ಹೆಚ್ಚಿನ ತರಗತಿಗಳಲ್ಲಿ ಪ್ರಸ್ತಾಪಕ್ಕೇ ಬರುವುದಿಲ್ಲ. ಮಸಿ ಹಾಗೂ ಹುಣಸೆಬೀಜದ ಅಂಟನ್ನು ಲೇಪಿಸಿದ ಬಟ್ಟೆಯನ್ನು ಮಡಿಸಿ ಬಳಪದಿಂದ ಲೆಕ್ಕ ಮುಂತಾದವನ್ನು ಬರೆಯುತ್ತಿದ್ದ ಕಡತಗಳು ಕರ್ನಾಟಕದ ಇತಿಹಾಸಕ್ಕೆ ಬೆಲೆಬಾಳುವ ಆಕರಗಳು, ಶೃಂಗೇರಿ ಮಠದ ಕಡತಗಳು ಇವುಗಳಲ್ಲಿ ಪ್ರಸಿದ್ಧವಾದವು. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಬಗ್ಗೆ ಕೆ.ಎನ್. ಚೌಧುರಿ 1978ರಲ್ಲಿ ಪ್ರಕಟಿಸಿದ ಬೃಹತ್ ಅಧ್ಯಯನವು ಆ ಕಂಪನಿಯ ದಾಖಲೆಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಆಧರಿಸಿದ್ದು. ಖಾತೆಯನ್ನು ಓದಬಲ್ಲ ಇತಿಹಾಸಕಾರರು ಕರ್ನಾಟಕದಲ್ಲಿ ವಿರಳವಾಗಿರುವುದು ಎರಡೂ ಶಾಸ್ತ್ರಗಳಿಗೆ ಆದ ನಷ್ಟ.

ಇಷ್ಟಾದರೂ, ದಾಟುವ ದಾರಿ ಸುಲಭವೆಂದು ಹೇಳಿ ವಿದ್ಯಾರ್ಥಿಗಳನ್ನು ಮೋಸಗೊಳಿಸಬಾರದು. ಪ್ರಬಂಧ ಬರೆಯುವಾಗ ಒಂದು ಅಂಶ ಬಿಟ್ಟುಹೋದರೆ ಕೆಲವು ಅಂಕಗಳಷ್ಟೇ ಕಡಿಮೆಯಾಗುತ್ತವೆ. ಪಾಲುದಾರಿಕೆ ಸಂಸ್ಥೆಯ ವಿಸರ್ಜನೆಯ ಲೆಕ್ಕದಲ್ಲಿ ಒಂದು ಹೊಂದಾಣಿಕೆ ಬಿಟ್ಟುಹೋದರೆ ಅದರ ನಂತರದ ಖಾತೆಗಳೆಲ್ಲವೂ ತಪ್ಪುತ್ತವೆ. ಓದಿ ಅರ್ಥವಾದದ್ದನ್ನು ಕೈಯಿಂದ ಮಾಡಲಾಗದ ಅನುಭವ ಇವರಿಗೆ ಹೊಸದು, ಮತ್ತು ಅದಕ್ಕೆ ಇರುವ ಪರಿಹಾರ ಒಂದೇ: ಪುಸ್ತಕದ ಉತ್ತರವನ್ನು ಮುಚ್ಚಿಟ್ಟು, ಕಾಗದದ ಮೇಲೆ ಗೆರೆ ಎಳೆದು, ನಿತ್ಯವೂ ಲೆಕ್ಕಗಳನ್ನು ಪೂರ್ತಿಯಾಗಿ ಬಿಡಿಸುವುದು. ಇದಕ್ಕಿಂತಲೂ ಕಠಿಣವಾದದ್ದು ಭಾಷೆಯ ಸಮಸ್ಯೆ. ಕಲಾ ವಿಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಬಹುಸಂಖ್ಯೆಯಲ್ಲಿದ್ದಾರೆ, ಬಿ.ಕಾಂ. ತರಗತಿಗಳ ಬೋಧನೆಯೂ ಪುಸ್ತಕಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಹೊಸ ವಿಚಾರ ಮತ್ತು ಹೊಸ ಭಾಷೆ ಒಟ್ಟಿಗೇ ಎದುರಾದಾಗ ತನಗೆ ಅರ್ಥವಾಗದೆ ಉಳಿದದ್ದು ಯಾವುದೆಂದು ವಿದ್ಯಾರ್ಥಿಗೇ ತಿಳಿಯುವುದಿಲ್ಲ, ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ತಿಳಿದು ಓದನ್ನೇ ಬಿಡುವವರೂ ಇದ್ದಾರೆ. ವಿಚಾರವನ್ನು ಮೊದಲು ಕನ್ನಡದಲ್ಲಿ ಗ್ರಹಿಸಿ, ಅನಂತರ ಇಂಗ್ಲಿಷ್ ಪರಿಭಾಷೆಗೆ ಹೊಂದಿಸಿಕೊಳ್ಳುವ ಕ್ರಮವೇ ಇಲ್ಲಿ ಹೆಚ್ಚು ಸೂಕ್ತ. ಸಹಕಾರ ಸಂಘಗಳ ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಜಮಾ, ಖರ್ಚು, ಶಿಲ್ಕು, ಅಢಾವೆಯಂತಹ ಪದಗಳು ಆ ಕೆಲಸಕ್ಕೆ ಸಿದ್ಧವಾಗಿಯೇ ಇವೆ.

ಪ್ರವೇಶದ ಬಾಗಿಲುಗಳ ಸಂಗತಿಗೆ ಬಂದರೆ, ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಓದದವರಿಗೆ ಬಿ.ಕಾಂ. ಸೀಟು ಕೊಡುವ ನಿಯಮಗಳು ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗೆ ಅನುಸಾರವಾಗಿ ಬೇರೆಯಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಬೇಕು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಯಾವುದೇ ವಿಭಾಗದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರನ್ನೂ ಬಿ.ಕಾಂ.ಗೆ ಸೇರಿಸಿಕೊಳ್ಳುತ್ತದೆ. ಬಿ.ಎ. ಪದವೀಧರರಿಗೆ ಅಷ್ಟಾಗಿ ತಿಳಿಯದ ಒಂದು ದಾರಿ 1949ರ ಕಾಯಿದೆಯಿಂದ ಸ್ಥಾಪಿತವಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆಯದು. ಪದವಿಯಲ್ಲಿ ವಾಣಿಜ್ಯ ಓದಿದವರು ಶೇಕಡ 55, ಇತರ ಪದವೀಧರರು ಶೇಕಡ 60 ಅಂಕಗಳನ್ನು ಪಡೆದಿದ್ದರೆ, ಫೌಂಡೇಶನ್ ಎಂಬ ಪ್ರವೇಶ ಹಂತದ ಪರೀಕ್ಷೆಯನ್ನು ಬರೆಯದೆ ನೇರವಾಗಿ ಇಂಟರ್‌ಮೀಡಿಯೇಟ್ ಹಂತಕ್ಕೆ ನೋಂದಾಯಿಸಿಕೊಳ್ಳಬಹುದು. ಅಷ್ಟು ಅಂಕಗಳಿಲ್ಲದವರು ಫೌಂಡೇಶನ್ ಮೂಲಕವೇ ಹೋಗಬೇಕು. 2023ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಯೋಜನೆಯಲ್ಲಿ ಇಂಟರ್‌ಮೀಡಿಯೇಟ್ ಹಂತಕ್ಕೆ ಆರು ಪತ್ರಿಕೆಗಳು, ಅಂತಿಮ ಹಂತಕ್ಕೆ ಆರು ಪತ್ರಿಕೆಗಳು, ನಡುವೆ ವೃತ್ತಿನಿರತ ಲೆಕ್ಕಪರಿಶೋಧಕರ ಬಳಿ ಎರಡು ವರ್ಷಗಳ ತರಬೇತಿ ಇವೆ. ಪತ್ರಿಕೆಗಳನ್ನು ಗುಂಪುಗಳಾಗಿ ವಿಂಗಡಿಸಲಾಗಿದ್ದು, ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಅಂಕಗಳನ್ನೂ ಆಯಾ ಗುಂಪಿನ ಒಟ್ಟು ಅಂಕಗಳಲ್ಲಿ ಶೇಕಡ 50ನ್ನೂ ಗಳಿಸಬೇಕು. ನೇರ ಪ್ರವೇಶದಿಂದ ಒಂದು ಪರೀಕ್ಷೆ ತಪ್ಪುತ್ತದೆಯಾದರೂ ಅದರ ವಿಷಯ ತಪ್ಪುವುದಿಲ್ಲವೆಂಬುದನ್ನು ಬಿ.ಎ. ಪದವೀಧರರು ಗಮನದಲ್ಲಿಡಬೇಕು. ಫೌಂಡೇಶನ್ನಿನ ಲೆಕ್ಕಶಾಸ್ತ್ರವನ್ನು ಸ್ವಂತವಾಗಿ ಓದಿ ಮುಗಿಸದೆ ಇಂಟರ್‌ಮೀಡಿಯೇಟ್ ಪುಸ್ತಕವನ್ನು ತೆರೆದವರು ಮೊದಲ ಗುಂಪಿನಲ್ಲೇ ಸಿಕ್ಕಿಹಾಕಿಕೊಳ್ಳುವ ಸಂಭವ ಹೆಚ್ಚು.

ಭಾರತ ಸರ್ಕಾರ ತನ್ನ ಲೆಕ್ಕಪರಿಶೋಧನೆಗೆ ಅಧಿಕಾರಿಗಳನ್ನು ಆರಿಸುವಾಗ ವಾಣಿಜ್ಯ ಪದವಿಯನ್ನು ಕೇಳುವುದೇ ಇಲ್ಲ ಎಂಬ ಸಂಗತಿ ಈ ಚರ್ಚೆಯಲ್ಲಿ ಬಹಳ ತೂಕವುಳ್ಳದ್ದು. ಸಂವಿಧಾನದ 148ನೆಯ ವಿಧಿಯಂತೆ ನೇಮಕಗೊಳ್ಳುವ ಮಹಾಲೆಕ್ಕಪರಿಶೋಧಕರ ಕೈಕೆಳಗೆ ಕೆಲಸ ಮಾಡುವ ಭಾರತೀಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಸೇವೆಯ ಅಧಿಕಾರಿಗಳು ನಾಗರಿಕ ಸೇವಾ ಪರೀಕ್ಷೆಯ ಮೂಲಕ ಆಯ್ಕೆಯಾಗುತ್ತಾರೆ, ಇತಿಹಾಸವನ್ನೋ ಸಾಹಿತ್ಯವನ್ನೋ ಸಮಾಜಶಾಸ್ತ್ರವನ್ನೋ ಓದಿದವರು ಅವರಲ್ಲಿ ಇರುತ್ತಾರೆ, ಮತ್ತು ಶಿಮ್ಲಾದಲ್ಲಿರುವ ರಾಷ್ಟ್ರೀಯ ಅಕಾಡೆಮಿಯಲ್ಲಿ ಅವರಿಗೆ ಲೆಕ್ಕಶಾಸ್ತ್ರವನ್ನು ಮೊದಲಿನಿಂದ ಕಲಿಸಲಾಗುತ್ತದೆ. ಪದವಿಯ ಬಳಿಕವೂ ಈ ಶಾಸ್ತ್ರವನ್ನು ಬುಡದಿಂದ ಕಲಿತು ಸಮರ್ಥವಾಗಿ ಬಳಸಬಹುದೆಂದು ಸರ್ಕಾರವೇ ನಂಬಿ ನಡೆಯುತ್ತಿರುವಾಗ, ರಾಜ್ಯ ಸರ್ಕಾರದ ಪದವಿ ಕಾಲೇಜುಗಳು ಹದಿನೆಂಟರ ವಯಸ್ಸಿನ ವಿದ್ಯಾರ್ಥಿಗೆ ಆ ಅವಕಾಶವನ್ನು ಅಚ್ಚುಕಟ್ಟಾಗಿ ಒದಗಿಸದಿರುವುದಕ್ಕೆ ಸಮರ್ಥನೆ ಇಲ್ಲ.

ಒದಗಿಸಬೇಕಾದದ್ದು ದೊಡ್ಡದೇನೂ ಅಲ್ಲ. ಕರ್ನಾಟಕದಲ್ಲಿ 2024–25ನೆಯ ಸಾಲಿನಿಂದ ಪದವಿ ಮತ್ತೆ ಮೂರು ವರ್ಷಗಳದ್ದಾಗಿರುವುದರಿಂದ ಸೆಮಿಸ್ಟರುಗಳು ಆರೇ, ಮೊದಲನೆಯದು ತಬ್ಬಿಬ್ಬಿನಲ್ಲಿ ಕಳೆದುಹೋದರೆ ಹಿಂಬಾಕಿಯಾಗಿ ಉಳಿದ ಪತ್ರಿಕೆ ಕೊನೆಯವರೆಗೂ ಬೆನ್ನಟ್ಟುತ್ತದೆ. ಆದ್ದರಿಂದ ಪ್ರವೇಶ ಮುಗಿದು ತರಗತಿಗಳು ವೇಗ ಪಡೆಯುವುದರೊಳಗೆ, ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಓದದವರಿಗಾಗಿ ಕನ್ನಡದಲ್ಲಿ ವಿವರಿಸಿ ಇಂಗ್ಲಿಷ್ ಪರಿಭಾಷೆಯನ್ನು ಜೊತೆಜೊತೆಗೆ ಪರಿಚಯಿಸುವ ಸೇತುಬಂಧ ತರಗತಿಗಳನ್ನು ನಡೆಸಬೇಕು. ಅವುಗಳಲ್ಲಿ ಸಮೀಕರಣದಿಂದ ಆರಂಭಿಸಿ ರೋಜುಕೀರ್ದಿ, ಖಾತೆ, ತಾಳೆಪಟ್ಟಿ, ಒಬ್ಬನೇ ಮಾಲೀಕನಿರುವ ವ್ಯಾಪಾರದ ಅಂತಿಮ ಲೆಕ್ಕಪತ್ರಗಳು ಇಷ್ಟನ್ನು ಮಾತ್ರ, ಆದರೆ ಕೈಗೆ ಹತ್ತುವವರೆಗೆ, ಕಲಿಸಬೇಕು. ಪಾಲುದಾರಿಕೆ, ಕಂಪನಿ ಲೆಕ್ಕ, ವೆಚ್ಚ ಲೆಕ್ಕಶಾಸ್ತ್ರಗಳನ್ನು ಆ ಅವಧಿಯಲ್ಲಿ ಮುಟ್ಟದಿರುವುದೇ ಒಳ್ಳೆಯದು. ಕಾಲೇಜಿನಲ್ಲಿ ಇಂತಹ ಏರ್ಪಾಡು ಇಲ್ಲದಿದ್ದಲ್ಲಿ, ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರ ಪಠ್ಯಪುಸ್ತಕವೊಂದನ್ನು ತಂದು, ಪದವಿ ಪ್ರವೇಶಕ್ಕೆ ಮುಂಚಿನ ರಜೆಯಲ್ಲಿ ಅದರ ಅಭ್ಯಾಸಗಳನ್ನು ಮೊದಲ ಪುಟದಿಂದ ಕೊನೆಯವರೆಗೆ ಬಿಡಿಸಿ ಮುಗಿಸುವುದು ವಿದ್ಯಾರ್ಥಿಯ ಕೈಯಲ್ಲೇ ಇರುವ ಕೆಲಸ.